ಅವತ್ತಿನ ರೇಟು

ಜಲಜಾಕ್ಷಿಯ ಮನೆ ಗೃಹಪ್ರವೇಶಕ್ಕೆ ನಾದಿನಿ ಊಟದ ಸೆಟ್ಟೊಂದನ್ನು ಕೊಟ್ಟು, "ಆನ್‌ಲೈನಲ್ಲಿ ತರಿಸಿದ್ದು ಅತ್ತಿಗೆ, ನಾಲ್ಕು ಸಾವಿರ" ಎಂದಿದ್ದಳು. ಅದಾಗಿ ಎರಡು ವರ್ಷಕ್ಕೆ ನಾದಿನಿಯದೇ ಗೃಹಪ್ರವೇಶ ಬಂತು. ಮುಯ್ಯಿ ತೀರಿಸಬೇಕು. ಆದರೆ ಆ ನಾಲ್ಕು ಸಾವಿರವನ್ನು ಜಲಜಾಕ್ಷಿ ಅಂದೇ ನಂಬಿರಲಿಲ್ಲ.

"ಹಳೇ ರೇಟು ತೋರಿಸೋದು ಏನಾದ್ರೂ ಇದ್ಯೇನೇ?" ಎಂದು ಮಗಳನ್ನು ಕೇಳಿದಳು.

ಮಗಳು ಬ್ರೌಸರಿಗೆ ಹಾಕಿಕೊಳ್ಳುವ ಮೂರು ಎಕ್ಸ್‌ಟೆನ್ಷನ್‌ಗಳನ್ನು ಹುಡುಕಿ ತೋರಿಸಿದಳು. "ಇದು ಬೆಲೆ ಇಳಿದಾಗ ಹೇಳುತ್ತೆ. ಇದು ಆರು ತಿಂಗಳ ರೇಟು ತೋರಿಸುತ್ತೆ. ಇದಾದ್ರೆ ಐದು ವರ್ಷದ್ದು."

"ಐದು ವರ್ಷದ್ದೇ ಹಾಕು. ಇಳಿಯೋದು ಕಟ್ಕೊಂಡು ನಂಗೇನು?"

ತಟ್ಟೆಯ ಹಿಂದಿದ್ದ ಹೆಸರು ನೋಡಿ ಹುಡುಕಿದರು. ತಮ್ಮ ಗೃಹಪ್ರವೇಶದ ವಾರ ಆ ಸೆಟ್ಟಿಗೆ ಇದ್ದದ್ದು ಬರೀ ಸಾವಿರದ ಇನ್ನೂರು.

"ನೋಡಿದ್ಯೇನೇ, ನಿಮ್ಮತ್ತೆ ಬುದ್ಧೀನ!"

ಜಲಜಾಕ್ಷಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೂರು ದಿನ ಹುಡುಕಿ, ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ, ಸರಿಯಾಗಿ ಸಾವಿರದ ಇನ್ನೂರರ ಗೋಡೆ ಗಡಿಯಾರ ತರಿಸಿದಳು.

ಹೊಸ ಮನೆಯ ಬಾಗಿಲಲ್ಲಿ ಅದನ್ನು ನಾದಿನಿಯ ಕೈಗಿಟ್ಟು, "ತಗೋಮ್ಮ, ಇದೂ ನಾಲ್ಕು ಸಾವಿರದ್ದೇ. ನೀನು ಕೊಟ್ಟಷ್ಟೇ" ಎಂದು ನಕ್ಕಳು.

ನಾದಿನಿ ಪೆಟ್ಟಿಗೆಯನ್ನೊಮ್ಮೆ ನೋಡಿ, ತಾನೂ ನಕ್ಕಳು.

"ನೀವೂ ಆ ಐದು ವರ್ಷದ್ದೇ ಹಾಕಿಸ್ಕೊಂಡ್ರಾ ಅತ್ತಿಗೆ? ನನ್ನ ಮದುವೆಗೆ ನಾಲ್ಕು ಸಾವಿರದ್ದು ಅಂತ ಇಂಡಕ್ಷನ್ ಒಲೆ ಕೊಟ್ಟಿದ್ರಲ್ಲ, ಅದರ ಅವತ್ತಿನ ರೇಟು ನೋಡ್ಕೊಂಡೇ ನಾನು ಆ ಸೆಟ್ಟು ತರಿಸಿದ್ದು."