ಕರಿಗುಡ್ಡದ ಚಿಂದಿ

ಕರಿಗಲ್ಲಿನ ಗುಡ್ಡದ ಬುಡಕ್ಕೆ ಜಲ್ಲಿ ಕ್ರಷರ್ ಬಂದು ನಿಂತಿತ್ತು. ಶಿಲಾಯುಗದವರು ಇಲ್ಲಿ ಕೊಡಲಿ ಮಾಡುತ್ತಿದ್ದರು, ಗುಡ್ಡ ಉಳಿಸಿ ಎಂದು ಊರಿನ ಮೇಷ್ಟ್ರು ಎರಿಸ್ವಾಮಿ ಆರು ವರ್ಷ ಅರ್ಜಿ ಬರೆದ ಮೇಲೆ ಪುರಾತತ್ವ ಇಲಾಖೆಯ ಒಬ್ಬ ಅಧಿಕಾರಿ ಪರಿಶೀಲನೆಗೆ ಬಂದರು. ಅವರು ಇಲ್ಲಿ ಅಂಥದ್ದೇನೂ ಇಲ್ಲ ಎಂದರೆ ಮರುದಿನವೇ ಕ್ರಷರ್ ಶುರುವಾಗುವುದಿತ್ತು.

ಮೇಷ್ಟ್ರು ತೋರಿಸಿದ ಕಲ್ಲುಚಕ್ಕೆಗಳ ರಾಶಿಯನ್ನು ಅಧಿಕಾರಿ ಬೂಟಿನಿಂದ ಕೆದಕಿದರು.

"ಕೊಡಲಿ ಎಲ್ಲಿ?"

"ಹೊಲಿದ ಅಂಗಿ ದರ್ಜಿ ಅಂಗಡ್ಯಾಗ ಉಳೀತಾವೇನ್ರಿ ಸಾರ್? ಕೊಡ್ಲಿ ತಗೊಂಡು ಹೋದ್ರು. ಇವು ಉದುರಿದ ಚಿಂದಿ. ಇವನ್ನೂ ಅವ್ರು ಚಾಕು ಮಾಡ್ಕೊಂತಿದ್ರು."

"ಕಲ್ಲು ಒಡೆದರೆ ಚೂರಾಗುತ್ತೆ ಮೇಷ್ಟ್ರೇ. ಚೂರಿಗೆಲ್ಲ ಚಾಕು ಅಂತ ಹೆಸರಿಟ್ಟರೆ ನಮ್ಮನೆ ಚರಂಡೀಲೂ ಮ್ಯೂಸಿಯಂ ಕಟ್ಟಬೇಕಾಗುತ್ತೆ. ನೀವು ಮಕ್ಕಳಿಗೆ ಮಗ್ಗಿ ಹೇಳಿಕೊಡಿ, ಸಾಕು."



ಅಧಿಕಾರಿ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, "ಇಲ್ಲಿ ಯಾವುದೇ ಉಪಕರಣ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದರು. ನಿಯಮದಂತೆ ಮೂರು ಚೂರುಗಳನ್ನು ಮಾದರಿಗೆಂದು ಬಟ್ಟೆ ಚೀಲಕ್ಕೆ ಹಾಕಿ, ಅದರ ಬಾಯಿಗೆ ಹುರಿ ಬಿಗಿದರು. ಹುರಿಯ ಉಂಡೆ ಇನ್ನೂ ಚೀಲಕ್ಕೆ ಜೋತುಬಿದ್ದಿತ್ತು.

"ಬ್ಲೇಡ್ ಇದೆಯೇನೋ?" ಎಂದು ಡ್ರೈವರನ್ನು ಕೇಳಿದರು.

"ಇಲ್ರಿ ಸಾರ್."

"ಯಾವುದಕ್ಕೂ ಆಗಲ್ಲ ನೀನು," ಎಂದು ಗೊಣಗುತ್ತ ಅಧಿಕಾರಿ ಬಗ್ಗಿದರು. ಕಾಲಬುಡದ ರಾಶಿಯಿಂದ ಒಂದು ಚಕ್ಕೆ ಆರಿಸಿ, ಹುರಿಯನ್ನು ಕತ್ತರಿಸಿ, ಚಕ್ಕೆಯನ್ನು ಅತ್ತ ಎಸೆದರು.