ಗೋಡೆಗೆ ಒಗ್ಗದ ಕೆಂಪು

ಸಂತೆಯಿಂದ ತಂದ ಕೆಂಪು ವಾರವಾದರೂ ನಮ್ಮ ಗೋಡೆಗೆ ಒಗ್ಗಿಲ್ಲ. ಎಲ್ಲರ ಮನೆಯ ಬಣ್ಣಗಳೂ ಮೊದಮೊದಲು ಒಂದಿಷ್ಟು ಓಡಾಡಿ, ಆಮೇಲೆ ಬಿಟ್ಟ ಕಡೆ ಕೂರುತ್ತವೆ. ಪಕ್ಕದ ಮನೆಯ ಹಸಿರಂತೂ ಅವರ ಪರದೆ ಬಿಟ್ಟು ಕದಲುವುದೇ ಇಲ್ಲ. ನಮ್ಮದು ಮಾತ್ರ ಹಠಮಾರಿ. ಬೂದಿ ಬಣ್ಣದ ಈ ಮನೆಗೆ ಸ್ವಲ್ಪ ಕಳೆ ಬರಲಿ ಅಂತ ತಂದರೆ, ಬೆಳಗಾಗುತ್ತಲೇ ಹೋಗಿ ಅತ್ತೆಯ ಹಣೆ ಮೇಲೆ ದುಂಡಗೆ ಕೂತಿರುತ್ತದೆ.

ಮಾವ ತೀರಿಕೊಂಡಾಗಿನಿಂದ ಅತ್ತೆ ಕುಂಕುಮ ಮುಟ್ಟಿದವರಲ್ಲ. "ಪ್ರಮೀಳಾ, ತೆಗಿಯೇ ಇದನ್ನ, ನೋಡಿದವರು ಏನಂದಾರು" ಅಂತ ಕೂಗುತ್ತಾರೆ. ನಾನು ಒಲೆ ಮೇಲಿನ ಹಾಲು ಬಿಟ್ಟು ಓಡಿಬಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಗೋಡೆಗೆ ಹಿಂಡುತ್ತೇನೆ. ಕೈ ತೊಳೆದುಕೊಳ್ಳುವಷ್ಟರಲ್ಲಿ ಅದು ಪುನಃ ಹಣೆಯಲ್ಲಿ.

ಇವತ್ತು ಹಾಲು ಉಕ್ಕಿ ಒಲೆಯೆಲ್ಲ ಹೊಲಸಾಯಿತು. ನನಗೂ ರೇಗಿತು. ಬಟ್ಟೆಯನ್ನು ಅತ್ತೆಯ ಮಡಿಲಿಗೆ ಹಾಕಿದೆ.

"ನನ್ನ ಕೈಲಾಗಲ್ಲ ಅತ್ತೆ. ಬೇಡವಾದರೆ ನೀವೇ ಒರೆಸಿಕೊಳ್ಳಿ."

ಒಲೆ ತೊಳೆದು ಬಂದು ನೋಡಿದರೆ ಬಟ್ಟೆ ಮಡಿಲಲ್ಲಿ ಹಾಗೇ ಇತ್ತು.

"ಕನ್ನಡಿ ಕೊಡು," ಅಂದರು ಅತ್ತೆ. "ನೆಟ್ಟಗೆ ಕೂತಿದೆಯಾ ನೋಡೋಣ."