ಮೊದಲ ಹಡಗಿನ ಕಾಗದ

“‘ಇದರಲ್ಲಿ ಮನುಷ್ಯರ ಕೈ ಇಲ್ಲ, ದೇವರೇ ಕರೆಸಿಕೊಂಡ.’ ಹಾಗಂತ ಬರೀರಿ, ಅಣ್ಣಾ,” ಎಂದಳು ಟಬಿತಾ.

ನೆರೆಮನೆಯ ಎಲ್ನಾಥನ್ ಬರೆದ. ಹಾಳೆಯ ಮೇಲೆ ಮಸಿ ತೊಟ್ಟಿಕ್ಕಿತು.

ಫೆಬ್ರವರಿಯಲ್ಲಿ ಅಮೆರಿಕದ ಮೆರಿಮ್ಯಾಕ್ ನದಿಯ ಹಿಮಗಡ್ಡೆ ಒಡೆದು ಅವಳ ಗಂಡ ಜೇಬೆಜ್ ನೀರಿಗೆ ಬಿದ್ದಾಗ, ಅವನತ್ತ ಎಸೆದ ಹಗ್ಗದ ಈ ತುದಿ ಎಲ್ನಾಥನನ ಕೈಯಲ್ಲಿತ್ತು. ಅವನ ಕಾಲಡಿಯೂ ಲಟಲಟ ಎಂದಿತು. ಜೀವ ಯಾರಿಗೆ ಬೇಡ? ಬಿಟ್ಟುಬಿಟ್ಟ. ಹಗ್ಗ ಹರಿಯಿತು ಎಂದು ಊರಿಗೆ ಹೇಳಿದ. ತಪ್ಪು ಮಾಡಿದವರು ಭಾನುವಾರದ ಚರ್ಚ್ ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಳ್ಳುವುದು ಅಲ್ಲಿನ ರೂಢಿ. ಅಷ್ಟು ಗಂಡೆದೆ ಅವನಿಗಿರಲಿಲ್ಲ.

“ಅತ್ತೆಮ್ಮಾ, ಈ ವಸಂತದ ಮೊದಲ ಹಡಗಲ್ಲಿ ನಿಮ್ಮ ಕಾಗದ ಬಂತು,” ಟಬಿತಾ ಹೇಳುತ್ತಾ ಹೋದಳು. “ಮಗನ ಕೆಮ್ಮು ಹೇಗಿದೆ ಅಂತ ಕೇಳಿದ್ದೀರಿ. ಅವರಿಗೀಗ ಕೆಮ್ಮಿಲ್ಲ.” ಕಣ್ಣೊರೆಸಿಕೊಂಡಳು. “ಎಲ್ಲ ದೇವರ ಚಿತ್ತ. ಅಷ್ಟು ನಂಬಿಕೆ ಇಲ್ಲದಿದ್ರೆ ನಾನು ಬದುಕೋದು ಹೇಗೆ?”

ಅವಳ ಮಾತು ಮುಗಿಯಿತು. ಅವನ ಲೇಖನಿ ನಿಲ್ಲಲಿಲ್ಲ. ‘ತಾಯೀ, ಹಗ್ಗ ಹರಿಯಲಿಲ್ಲ. ನಾನೇ ಕೈಬಿಟ್ಟೆ. ಕ್ಷಮಿಸಿ. ಎಲ್ನಾಥನ್.’

ಕಡಲಾಚೆ ಇಂಗ್ಲೆಂಡಿನ ಮುದುಕಿಗೆ ಹೇಳಿದರೂ ಹೇಳಿದಂತೆಯೇ ತಾನೆ? ಉತ್ತರ ಬಂದರೆ ಓದಿ ಹೇಳಬೇಕಾದವನೂ ತಾನೇ. ಟಬಿತಾಳ ಭಯವಂತೂ ಇಲ್ಲ. ಊರಿನ ಹೆಣ್ಣುಮಕ್ಕಳಿಗೆ ಬೈಬಲ್ ಓದಲೆಂದು ಅಚ್ಚಿನ ಅಕ್ಷರವಷ್ಟೇ ಕಲಿಸುತ್ತಿದ್ದರು, ಲೇಖನಿ ಮುಟ್ಟಿಸುತ್ತಿರಲಿಲ್ಲ. ಕೈಬರಹವೆಂದರೆ ಅವರಿಗೆ ಕೋಳಿ ಕೆದರಿದ ನೆಲ.

“ಇಷ್ಟೊಂದು ಹೇಳಿದೆನಾ ನಾನು?”

“ಕೊನೆಗೊಂದು ಪ್ರಾರ್ಥನೆ ಸೇರಿಸಿದೆ, ತಂಗಿ.”

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಳು. ಮಸಿ ಆರಿದೆಯೇ ಎಂದು ನೋಡುತ್ತಿದ್ದಾಳೆ ಎಂದುಕೊಂಡ. ಆಮೇಲೆ ಸಹಿಯ ಬದಲು ಕತ್ತರಿ ಗೀಟು ಎಳೆದಳು.

ಅರಗಿನ ಮುದ್ರೆ ಒತ್ತಲು ಅವನು ಕೈ ಚಾಚಿದ. ಅವಳು ಕಾಗದ ಕೊಡಲಿಲ್ಲ.

“ಭಾನುವಾರ ಸಭೆಯಲ್ಲಿ ಎಲ್ಲರ ಮುಂದೆ ಓದಿ, ಅಣ್ಣಾ. ಆಮೇಲೆ ಕಳಿಸೋಣ.”

“ಏ... ಏನು ಓದಲಿ?”

“ನಿಮ್ಮ ಪ್ರಾರ್ಥನೆ.” ಅವಳ ಧ್ವನಿ ಒಡೆದಿತ್ತು. “ಅತ್ತೆಮ್ಮನ ಕಾಗದ ಬಂದಾಗ ಇವರು ಹೋಗಿ ಎರಡು ತಿಂಗಳಾಗಿತ್ತು. ಅದನ್ನ ಓದಿಸೋಕೆ ನಾನು ಯಾರ ಬಾಗಿಲಿಗೂ ಹೋಗಲಿಲ್ಲ. ಯಾರು ಓದಿ ಹೇಳಿದ್ರು ಅಂತ ನೀವು ಕೇಳಲೇ ಇಲ್ಲವಲ್ಲ!”